ಬಾಗಿಲಿಲ್ಲದ ಪುಟ

ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆಯ ಹೆಡ್‌ಫೋನ್ ಸಿಕ್ಕಿತು. ಕಿವಿಯ ಸ್ಪಂಜು ಪುಡಿಯಾಗಿ ಬೆರಳಿಗೆ ಕಪ್ಪಗೆ ಮೆತ್ತಿತು. ಅದನ್ನು ಕೊನೆಯ ಸಲ ಹಾಕಿಕೊಂಡವರು ಬೂತಿನ ಅಕ್ಕ...

ಕುಂದಾಪುರದ ಬಸ್ ನಿಲ್ದಾಣದ ಹತ್ತಿರ ಅವರ ಎಸ್‌ಟಿಡಿ ಬೂತ್ ಇತ್ತು. ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಕೋಡಿಯ ಮೀನುಗಾರರು ಮುಂಬೈಗೆ ಮಾತಾಡಲು ಬಂದು ಹೆಸರು ಹೇಳಿದರೆ ಸಾಕು, ನಂಬರು ಅಕ್ಕನ ಬೆರಳ ತುದಿಯಲ್ಲಿರುತ್ತಿತ್ತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಬೂತ್ ಬಣಗುಟ್ಟಿತು. ಅಕ್ಕ ಸುಮ್ಮನೆ ಕೂರಲಿಲ್ಲ. ಮಂಗಳೂರಿಗೆ ಹೋಗಿ, ಪರದೆಯ ಮೇಲಿದ್ದುದನ್ನು ಓದಿ ಹೇಳುವ ತಂತ್ರಾಂಶದ ಸಹಾಯದಿಂದ ಕಂಪ್ಯೂಟರ್ ಕಲಿತು ಬಂದರು.

ಅದೇ ಕಟ್ಟಡದ ಮಹಡಿಯಲ್ಲಿ ನಾನು ವೆಬ್‌ಸೈಟ್ ಮಾಡುತ್ತಿದ್ದೆ. ಒಂದು ಸಂಸ್ಥೆಗೆ ಮಾಡಿಕೊಟ್ಟ ಪುಟದ ಬಗ್ಗೆ ನನಗೆ ಬಲು ಹೆಮ್ಮೆ. ಅಕ್ಷರಗಳ ಬದಲು ಬಣ್ಣದ ಚಿತ್ರಗಳನ್ನೇ ಗುಂಡಿಗಳಾಗಿ ಇಟ್ಟಿದ್ದೆ. ಆ ಸಂಸ್ಥೆ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಅರ್ಜಿ ಕರೆಯಿತು. ಅರ್ಜಿಯನ್ನು ಆ ಪುಟದಲ್ಲೇ ಹಾಕಬೇಕಿತ್ತು.

ಗುರುವಾರ ಅಕ್ಕ ಗೋಡೆ ಸವರುತ್ತ ಮೆಟ್ಟಿಲು ಹತ್ತಿ ಬಂದರು. ತಂದಿದ್ದ ಸೀಡಿಯಿಂದ ತಂತ್ರಾಂಶವನ್ನು ನನ್ನ ಕಂಪ್ಯೂಟರಿಗೆ ಹಾಕಿಸಿ, ಹೆಡ್‌ಫೋನನ್ನು ನನ್ನ ಕಿವಿಗೇ ಇಟ್ಟರು. "ಗ್ರಾಫಿಕ್... ಗ್ರಾಫಿಕ್... ಗ್ರಾಫಿಕ್..." ಯಾವ ಗುಂಡಿಗೆ ಹೋದರೂ ತಂತ್ರಾಂಶ ಅದೊಂದನ್ನೇ ಹೇಳಿತು; ಅದು ಓದಲು ಒಂದು ಚಿತ್ರಕ್ಕೂ ನಾನು ಹೆಸರು ಬರೆದಿರಲಿಲ್ಲ.

"ಹ್ವಾಯ್, ಎಂತ ಮಾಡಿದ್ದ್ ನೀವ್? ಬಾಗ್ಲೇ ಇಲ್ಯಲೆ!" ಎಂದು ನಕ್ಕರು.

ನಾನೇ ತುಂಬಿಕೊಡುತ್ತೇನೆ ಅಂದೆ.

"ಬ್ಯಾಡ, ನಾನೇ ತುಂಬ್ಕ್. ಕೆಲ್ಸ ಸಿಕ್ರೆ ದಿನಾ ನೀವ್ ಬತ್ರಿಯಾ?"

ಶನಿವಾರ ಕೊನೆಯ ದಿನ. ನಾಳೆ ಸರಿ ಮಾಡುತ್ತೇನೆ ಅಂದೆ. ಮರುದಿನ ಬೈಂದೂರಿನ ಗಿರಾಕಿಯ ಕೆಲಸಕ್ಕೆ ಹೋದೆ. ಶನಿವಾರ... ಏನು ಮಾಡುತ್ತಿದ್ದೆನೋ, ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.

ಸೋಮವಾರ ಸರಿ ಮಾಡಿ ಕರೆದೆ. ನಲವತ್ತು ನಿಮಿಷದ ಕೆಲಸ. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಗುಂಡಿ ದಾಟುತ್ತ ಹೋದರು. ಈಗ ಎಲ್ಲದಕ್ಕೂ ಹೆಸರಿತ್ತು. ಒಂದು ಕಡೆ ಅವರ ಬೆರಳು ನಿಂತಿತು. ಅರ್ಜಿಯ ಅವಧಿ ಮುಗಿದಿದೆ ಎಂಬ ಸಾಲನ್ನೂ ತಂತ್ರಾಂಶ ಅಷ್ಟೇ ಸ್ಪಷ್ಟವಾಗಿ ಓದಿತ್ತು.

"ಈಗ ಚಂದ ಕೇಂತ್," ಅಂದರು. ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಳೆಗಾಲಕ್ಕೆ ಮೊದಲೇ ಬೂತ್ ಮುಚ್ಚಿ ಯಡ್ತರೆಯಲ್ಲಿದ್ದ ತಂಗಿಯ ಮನೆಗೆ ಹೋದರು. ನಾನು ಒಮ್ಮೆಯೂ ಹೋಗಿ ನೋಡಲಿಲ್ಲ. ಈಗ ಯಾವ ಪುಟ ಮುಗಿಸಿದರೂ ಕಣ್ಣು ಮುಚ್ಚಿ ಕೇಳಿ ನೋಡುತ್ತೇನೆ. ಎಲ್ಲ ಸರಿಯಿದ್ದರೂ ನಡುವೆ ಎಲ್ಲೋ ಆ ಹೆಸರಿಲ್ಲದ "ಗ್ರಾಫಿಕ್" ದನಿ...

ನಿನ್ನೆ ಬಸ್ಸು ಹತ್ತಿ ಯಡ್ತರೆಗೆ ಹೋದೆ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ತಂಗಿ ಚಾ ತಂದಿಟ್ಟು, "ಆ ಆಪರೇಟರ್ ಕೆಲ್ಸ ಆಯಿದ್ರೆ ಅಕ್ಕ ಕುಂದಾಪ್ರ ಬಿಟ್ ಬತ್ತಿರ್ಲಿಲ್ಲ. ನಿಮ್ಗ್ ಅಕ್ಕನ್ ಗುರ್ತ ಹ್ಯಾಂಗೆ?" ಎಂದು ಕೇಳಿದರು.

"ಬೂತಿಗೆ ಹೋತಿದ್ದೆ," ಅಂದೆ. ಪುಟದ ವಿಷಯ ಎತ್ತದೆ ಚಾ ಲೋಟ ಕೈಗೆತ್ತಿಕೊಂಡೆ.