ನಿಂಬೆಹಣ್ಣು ತುಳಿದ ಗಾಲಿ

ಬಳ್ಳಾರಿಯಲ್ಲಿ ನನ್ನದೊಂದು ಗಾಲಿ ಅಂಗಡಿ ಇದೆ. ಗಾಲಿ ಎಂದ ಕೂಡಲೇ ಜನ ಬೈಕಿನ ಟೈರು ಕೇಳುತ್ತಾರೆ, ಪಂಕ್ಚರ್ ಹಾಕಿಕೊಡುತ್ತೀರಾ ಎನ್ನುತ್ತಾರೆ. ನಾನು ಮಾರುವುದು ಕೈಯಲ್ಲಿ ತಳ್ಳುವ ಟ್ರಾಲಿಗಳ ಕೆಳಗೆ ಕೂಡಿಸುವ ಗಾಲಿ. ಜೀನ್ಸ್ ಹೊಲಿಯುವಲ್ಲಿ ಬಟ್ಟೆಯ ಗಂಟು, ಎರಕದವರಲ್ಲಿ ಕಬ್ಬಿಣದ ತುಂಡು, ಗಿರಣಿಯಲ್ಲಿ ಅಕ್ಕಿ ಚೀಲ, ಎಲ್ಲವನ್ನೂ ಹೊರುವುದು ಅವೇ. ಅಂಗಡಿ ತೆರೆದ ಹೊಸದರಲ್ಲಿ ಬಂದವರೆಲ್ಲ ನನ್ನ ಬೆನ್ನ ಹಿಂದೆ ಇಣುಕಿ, "ಯಜಮಾನ್ರು ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. "ಅದಾರ್ರಿ, ಸಾಲಿಯಾಗ ಪಾಠ ಹೇಳಾಕತ್ತಾರ. ಗಾಲಿ ಬೇಕಂದ್ರ ನನ್ನ ಕೇಳ್ರಿ" ಎನ್ನುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಗಾಲಿ ನನಗೆ ಹೊಸದಲ್ಲ. ನನ್ನ ತವರು ಕುರುಗೋಡು. ಅಪ್ಪ ಎತ್ತಿನ ಬಂಡಿಗೆ ಗಾಲಿ ಮಾಡುತ್ತಿದ್ದ ಬಡಗಿ. ಬಾದನಹಟ್ಟಿಯ ರೈತರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಂದವನಿಗೆ ಅಪ್ಪ ಮೊದಲು ಕೇಳುತ್ತಿದ್ದದ್ದು ಎಷ್ಟು ಚೀಲ ಹೇರುತ್ತೀ ಎಂದಲ್ಲ, ನಿನ್ನ ಹೊಲ ಎರೆಯೋ ಮಸಾರಿಯೋ ಎಂದು. ಅಂಟುವ ಕರಿ ಮಣ್ಣಿಗೆ ಒಂದು ಗಾಲಿ, ಉದುರುವ ಕೆಂಪು ಮಣ್ಣಿಗೆ ಇನ್ನೊಂದು. "ಗಾಲಿ ನೋಡಬ್ಯಾಡ, ನೆಲ ನೋಡು" ಎನ್ನುವುದು ಅವನ ಮಾತು. ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಮರೆಯುವುದಕ್ಕೆ ಮಾತ್ರ ಒಂದೇ ದಿನ ಸಾಕಾಯಿತು.

ಅಂಗಡಿಯ ಜಾಗ ಗಂಡನ ಮನೆಯವರದು. ಗಂಡನ ಅಣ್ಣ, ಅಂದರೆ ನನ್ನ ಭಾವನವರು, ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಡಬೇಕೆಂದಿದ್ದರು. ಕೆಟ್ಟವರಲ್ಲ, ಆದರೆ ಗಾಲಿ ಮಾರಿ ಒಬ್ಬ ಹೆಂಗಸು ಅಂಗಡಿ ನಿಲ್ಲಿಸುತ್ತಾಳೆ ಎಂಬ ನಂಬಿಕೆ ಅವರಿಗಿರಲಿಲ್ಲ. "ದಸರಾ ತನಕ ನೋಡೋಣವ್ವಾ. ಒಂದು ದೊಡ್ಡ ಕೆಲಸ ಹಿಡದು ತೋರಸು. ಆಗಲಿಲ್ಲ ಅಂದ್ರ ಜಾಗ ಬಿಟ್ಟುಕೊಡು" ಎಂದಿದ್ದರು. ಅಂಗಡಿಯ ಎರಡನೆಯ ಕೀಲಿಕೈಯನ್ನು ತಮ್ಮ ಸ್ಕೂಟರಿನ ಕೀಲಿಕೈ ಗೊಂಚಲಿಗೇ ಪೋಣಿಸಿಕೊಂಡಿದ್ದರು. ಅವರು ಸ್ಕೂಟರ್ ನಿಲ್ಲಿಸಿ ಆ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ ಒಳಗೆ ಬಂದರೆ ನಾನು ಕೂಡಲೇ ಲೆಕ್ಕದ ಪುಸ್ತಕ ತೆಗೆದು ಬರೆಯಲು ಕೂರುತ್ತಿದ್ದೆ.

ದಸರೆಗೆ ಒಂದು ತಿಂಗಳಿದ್ದಾಗ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಿಂದ ಫೋನ್ ಬಂತು. ಮೂವತ್ತು ಟ್ರಾಲಿ ಬೇಕು. ಮೊದಲು ಒಂದನ್ನು ಮಾಡಿಸಿ ತನ್ನಿ, ಆಯುಧ ಪೂಜೆಯ ದಿನ ಅದನ್ನು ಓಡಿಸಿ ನೋಡುತ್ತೇವೆ, ಒಪ್ಪಿಗೆಯಾದರೆ ಮೂವತ್ತೂ ನಿಮ್ಮವೇ ಎಂದರು ಗಿರಣಿಯ ಸಾವುಕಾರರು. ಭಾವನವರು ಕೇಳಿದ ದೊಡ್ಡ ಕೆಲಸ ಬಾಗಿಲಿಗೇ ಬಂದಿತ್ತು.

ನೆಲ ನೋಡಲು ಹೋದೆ. ಅಷ್ಟಾದರೂ ಮಾಡಿದೆ. ಸಾವುಕಾರರು ಮಜ್ಜಿಗೆ ಕೊಟ್ಟು, ಗೋದಾಮನ್ನು ತಾವೇ ಮುಂದೆ ನಿಂತು ತೋರಿಸಿದರು. ಹಾಸುಗಲ್ಲಿನ ನೆಲ, ಒಂದು ಕಾಳೂ ಬಿದ್ದಿರಲಿಲ್ಲ, ಊಟ ಬಡಿಸಬಹುದಿತ್ತು. ನನಗೆ ಖುಷಿಯೋ ಖುಷಿ. ನಯವಾದ ನೆಲಕ್ಕೆ ಗಡುಸು ಗಾಲಿ ಹಗುರವಾಗಿ ಓಡುತ್ತದೆ ಎಂದು ನಾಲ್ಕು ಇಂಚಿನ ಬಿಳಿ ನೈಲಾನ್ ಗಾಲಿ ಆರಿಸಿದೆ. ಲೆಕ್ಕವನ್ನೂ ಜಾಣತನದಿಂದಲೇ ಹಾಕಿದ್ದೆ: ಭಾರವನ್ನು ನಾಲ್ಕು ಗಾಲಿಗೆ ಹಂಚಬಾರದು, ಮೂರಕ್ಕೆ ಹಂಚಬೇಕು, ಏಕೆಂದರೆ ನೆಲ ಕೊಂಚ ಏರುಪೇರಾದರೂ ಒಂದು ಗಾಲಿ ಗಾಳಿಯಲ್ಲಿ ನಿಂತುಬಿಡುತ್ತದೆ. ಎತ್ತ ಬೇಕಾದರೂ ತಿರುಗಲಿ ಎಂದು ನಾಲ್ಕೂ ಮೂಲೆಗೆ ತಿರುಗುವ ಗಾಲಿಯನ್ನೇ ಹಾಕಿಸಿದೆ. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಬಂಡಿ ಗಾಲಿಯ ಮುದುಕನಿಗೆ ನೈಲಾನ್ ಏನು ಗೊತ್ತು ಎಂಬ ಸೊಕ್ಕು.

ಆಯುಧ ಪೂಜೆಯ ದಿನ ಬೆಳಗಾಗುವ ಮುಂಚೆಯೇ ಬಸ್ಸು ಹಿಡಿದೆ. ನಮ್ಮ ಅಂಗಡಿಯ ಪೂಜೆಯನ್ನು ಸಂಜೆ ಮಾಡಿದರಾಯಿತು ಎಂದು ಬಾಗಿಲು ಕೂಡ ತೆಗೆಯದೆ ಹೊರಟಿದ್ದೆ. ಗಿರಣಿಯಲ್ಲಿ ಯಂತ್ರಗಳಿಗೆಲ್ಲ ಬಾಳೆಕಂಬ, ಚೆಂಡುಹೂವು. ಹತಾರಗಳನ್ನೆಲ್ಲ ಒಂದು ಹಲಗೆಯ ಮೇಲೆ ಜೋಡಿಸಿ ವಿಭೂತಿ, ಕುಂಕುಮ ಹಚ್ಚಿದ್ದರು. ಹಿಂದಿನ ದಿನವೇ ಲಾರಿಯಲ್ಲಿ ಕಳಿಸಿದ್ದ ನನ್ನ ಟ್ರಾಲಿಗೂ ಹೂವಿನ ಹಾರ ಬಿತ್ತು. ಖಾಲಿ ಟ್ರಾಲಿಯ ಪೂಜೆ ಏನು ಪೂಜೆ ಎಂದು ಸಾವುಕಾರರು ಹನ್ನೆರಡು ಚೀಲ ಭತ್ತ ಹೇರಿಸಿದರು. ಮುಂದಿನ ಗಾಲಿಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು. ಕಾಯಿ ಒಡೆದು, "ತಳ್ರಿ" ಎಂದರು.

ಹಮಾಲರ ಮೇಸ್ತ್ರಿ ತಳ್ಳಿದ. ಐವತ್ತು ದಾಟಿದ, ಗಟ್ಟಿ ಹೆಗಲಿನ ಆಳು. ಗಾಲಿ ಹೊರಳಿತು; ನಿಂಬೆಹಣ್ಣು ಒಡೆಯಲಿಲ್ಲ. ಗಾಲಿ ಮುಟ್ಟಿದ ಕೂಡಲೇ ಮುಂದಕ್ಕೆ ಜಾರಿತು. ಇನ್ನೊಮ್ಮೆ ತಳ್ಳಿದ, ಇನ್ನೊಮ್ಮೆ ಜಾರಿತು. ಮುಂದೆ ಎರಡು ನಿಂಬೆಹಣ್ಣು, ಹಿಂದೆ ಹನ್ನೆರಡು ಚೀಲದ ಟ್ರಾಲಿ, ಅದರ ಹಿಂದೆ ನಾಲ್ಕು ಜನ ಹಮಾಲರು, ಹೀಗೆ ಮೆರವಣಿಗೆ ಹೊರಟಿತು. "ನಿಂಬಿಹಣ್ಣು ಓಡಾಕತ್ತೈತಿ, ಹಿಡೀರಲೇ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಕಡೆಗೆ ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಒಂದು ಹಣ್ಣು ಸಿಕ್ಕಿಕೊಂಡಿತು, ಗಾಲಿಯೂ ಅಲ್ಲೇ ಕಚ್ಚಿಕೊಂಡಿತು, ಹಿಂದಿನ ಗಾಲಿಗಳು ಅಡ್ಡಡ್ಡ ತಿರುಗಿ ಟ್ರಾಲಿ ಗೋಡೆಯ ಕಡೆ ಮುಖ ಮಾಡಿ ನಿಂತಿತು.

ನಗು ನಿಂತುಹೋಯಿತು. ನಿಂಬೆಹಣ್ಣು ತುಳಿಯದ ಗಾಡಿಯನ್ನು ನಮ್ಮ ಕಡೆ ಯಾರೂ ಬಳಸುವುದಿಲ್ಲ. ಸಾವುಕಾರರ ಮುಖ ಕಪ್ಪಿಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ಅವತ್ತು ಕಣ್ಣಾರೆ ಕಂಡೆ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ.

ನೆಲ ನೋಡಿದ್ದೇ ಒಳ್ಳೆಯದಾಯಿತು. ಮೂಲೆ ಮೂಲೆಯಲ್ಲಿ ಭತ್ತ ಚೆಲ್ಲಿತ್ತು, ಕಲ್ಲಿನ ಸಂದಿಗಳಲ್ಲಿ ತೌಡು ತುಂಬಿತ್ತು, ಬಾಗಿಲ ಹತ್ತಿರ ನೀರು ಹರಿಯುವ, ನಾಲ್ಕು ಬೆರಳಗಲದ ಒಂದು ಸಣ್ಣ ಕಾಲುವೆಯೂ ಇತ್ತು. ನಾನು ಹಿಂದಿನ ಸಲ ಕಂಡ ಗೋದಾಮು ಇದಲ್ಲವೇ ಅಲ್ಲ. ಮೇಸ್ತ್ರಿಯನ್ನು ಕೇಳಿದರೆ ಸಂಕೋಚದಿಂದ ಹೇಳಿದ: "ಅಕ್ಕಾರ, ಆವತ್ತು ನೀವು ಬರ್ತೀರಿ ಅಂತ ಸಾವುಕಾರ್ರು ಎರಡು ದಿನ ಕಸ ಹೊಡಿಸಿ, ನೆಲ ತೊಳಿಸಿದ್ರು. ಕಾಲುವಿ ಮ್ಯಾಲ ಹಲಗಿ ಹಾಕ್ಸಿದ್ರು. ಬಂದವ್ರಿಗೆ ಹೊಲಸು ತೋರಸಾಕ ಆಗತೈತೇನ್ರಿ?"

ಬರುವವರಿಗಾಗಿ ಅಂಗಳ ಗುಡಿಸುವುದು ನಮ್ಮಲ್ಲಿ ಮರ್ಯಾದೆ. ಆ ಮರ್ಯಾದೆಯೇ ನನ್ನ ಕಣ್ಣು ಕಟ್ಟಿತ್ತು. ಸಾವುಕಾರರ ಬಳಿ ಹೋಗಿ, "ತಪ್ಪು ನೆಲದ್ದೈತ್ರಿ" ಎಂದೆ.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದರು ಅವರು, ಎಲ್ಲರಿಗೂ ಕೇಳುವಂತೆ.

ನನಗೆ ಉರಿದುಹೋಯಿತು. "ಖರೇನ ಡೊಂಕೈತ್ರಿ. ಅದನ್ನ ಮೊದ್ಲ ನೋಡೂದು ನನ್ನ ಕೆಲಸ ಇತ್ತು, ನೋಡಲಿಲ್ಲ. ಒಂದು ದಿನ ಕೊಡ್ರಿ" ಎಂದೆ.

ಅವರು ಗೋಡೆಗೆ ಮುಖ ಮಾಡಿದ್ದ ಟ್ರಾಲಿಯ ಹಾರ ತೆಗೆದು ಚೀಲದ ಮೇಲಿಟ್ಟರು. "ಆಗ್ಲಮ್ಮಾ. ನಾಳೆ ಬನ್ನಿ ಮುಡಿಯೋದ್ರೊಳಗ ಈ ಟ್ರಾಲಿ ನಿಂಬಿಹಣ್ಣು ತುಳೀಬೇಕು. ತುಳಿದ್ರ ಕೆಲಸ ನಿಮ್ದು. ಇಲ್ಲಾಂದ್ರ ಗಾಡಿ ಒಯ್ದುಬಿಡ್ರಿ."

ಬಸ್ ನಿಲ್ದಾಣದಿಂದ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವನು ಮೊದಲು ಮಾಡಿದ್ದು ಹೊಟ್ಟೆ ತುಂಬ ನಕ್ಕಿದ್ದು. "ಸಣ್ಣ ಗಾಲಿ ಅಡ್ಡ ಬಂದಿದ್ದನ್ನ ನೂಕತೈತಿ, ದೊಡ್ಡ ಗಾಲಿ ಏರತೈತಿ. ಬಂಡಿ ಗಾಲಿ ಎದಿಮಟ್ಟ ಯಾಕ ಇರತಿತ್ತು ಅಂತ ತಿಳಿದಿದ್ದಿ? ಚೆಂದ ಕಾಣಲಿ ಅಂತೇನ?" ಎಂದ. ನಿಂಬೆಹಣ್ಣು ತುಳಿಯದ ಗಾಲಿ ಕಲ್ಲಿನ ಸಂದಿಯನ್ನೂ ದಾಟುವುದಿಲ್ಲ, ಕಾಲುವೆಯನ್ನೂ ದಾಟುವುದಿಲ್ಲ ಎಂದು ಆಗ ತಲೆಗೆ ಹತ್ತಿತು. ರಬ್ಬರ್ ಹಾಕಿದರೆ ಹೇಗೆ ಎಂದೆ. "ಮೆತ್ತಗಿದ್ರ ಕಾಳು ಕಚ್ಚಿಕೊಂತಾವು, ಅಂಬಲಿಗಿ ಹುಳ ಬಿದ್ದಂಗ. ನಡುವಿಂದು ನೋಡು" ಎಂದ.

ನಡುವಿನದು ನನ್ನ ಅಂಗಡಿಯಲ್ಲೇ ಇತ್ತು. ಕುಡತಿನಿಯ ಒಬ್ಬ ಗುತ್ತಿಗೆದಾರ ಹೇಳಿಟ್ಟು ಒಯ್ಯದೆ ಬಿಟ್ಟಿದ್ದ ಎಂಟು ಇಂಚಿನ ನಾಲ್ಕು ಗಾಲಿ. ಎರಕದ ಕಬ್ಬಿಣದ ಮೈ, ಸುತ್ತ ಬೆರಳು ದಪ್ಪದ ಪಾಲಿಯುರೆಥೇನ್ ಪಟ್ಟಿ. ರಬ್ಬರಿನಷ್ಟು ಮೆತ್ತಗಲ್ಲ, ನೈಲಾನಿನಷ್ಟು ಗಡುಸಲ್ಲ. ಎರಡು ನೇರ ಓಡುವಂಥವು, ಎರಡು ತಿರುಗುವಂಥವು. ಗಾಲಿ ಸಿಕ್ಕಿತು, ಕೂಡಿಸುವವರು ಬೇಕಲ್ಲ? ಗಾಲಿಯ ಮೇಲೆ ಬಿಗಿಯಲು ಇರುವ ಕಬ್ಬಿಣದ ತಟ್ಟೆಯ ತೂತುಗಳು ಬೇರೆ, ಟ್ರಾಲಿಗೆ ಹೊಸದಾಗಿ ತೂತು ಹೊಡೆಯಬೇಕು. ಸಿರುಗುಪ್ಪದಲ್ಲಿ, ಬಳ್ಳಾರಿಯಲ್ಲಿ ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಒಂದೇ ಉತ್ತರ: ಪೂಜೆಗೆ ಕೂಡಿಸಿದ ಹತಾರವನ್ನು ವಿಜಯದಶಮಿಯ ಸಂಜೆ ಬನ್ನಿ ಮುಡಿಯುವ ತನಕ ಎತ್ತುವುದಿಲ್ಲ. ಅವರನ್ನು ಬೈಯಲು ನನಗೆ ಬಾಯಿಲ್ಲ, ನಮ್ಮ ಮನೆಯಲ್ಲೂ ಅದೇ ಪದ್ಧತಿ.

ಬಳ್ಳಾರಿಗೆ ಬಂದು ಅಂಗಡಿಯ ಬಾಗಿಲು ತೆಗೆದೆ. ಗೋಡೆಯ ಮೇಲೆ ಸ್ಪ್ಯಾನರುಗಳು, ಮೂಲೆಯಲ್ಲಿ ಡ್ರಿಲ್ ಯಂತ್ರ. ಎಲ್ಲಕ್ಕೂ ಧೂಳು ಇತ್ತು, ಒಂದಕ್ಕೂ ಕುಂಕುಮ ಇರಲಿಲ್ಲ. ಬೆಳಿಗ್ಗೆ ಪೂಜೆ ಬಿಟ್ಟು ಹೋದೆನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಹಳಿದುಕೊಂಡಿದ್ದೆ. ಆ ತಪ್ಪೇ ಈಗ ಕೈ ಹಿಡಿಯಿತು. ಊರಿಗೆಲ್ಲ ಪೂಜೆ ಆಗದೆ ಉಳಿದ ಹತಾರ ನನ್ನವು ಮಾತ್ರ. ಅವನ್ನು ಗಾಲಿಗಳ ಜೊತೆ ಚೀಲಕ್ಕೆ ತುಂಬಿದೆ.

ಮರುದಿನ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಅಪ್ಪ ನನಗಿಂತ ಮೊದಲೇ ಬಂದು ಕೂತಿದ್ದ. ತನ್ನ ಹತಾರ ಪೂಜೆಗೆ ಕೂತಿವೆ ಎಂದು ಬರಿಗೈಯಲ್ಲೇ ಬಂದಿದ್ದ. ಅವನು ಗಾಲಿಯ ತಟ್ಟೆ ಹಿಡಿದ, ನಾನು ಡ್ರಿಲ್ ಹಿಡಿದೆ. ಹಮಾಲರು ಕೈಕಟ್ಟಿ ಸುತ್ತ ನಿಂತರು. ಕಡೆಯ ನಟ್ಟು ಬಿಗಿಯುವ ಹೊತ್ತಿಗೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಟ್ರಾಲಿ ನಾಲ್ಕು ಇಂಚು ಎತ್ತರವಾಯಿತಲ್ಲ ಎಂದು ನಾನು ಅಳುಕಿದರೆ ಮೇಸ್ತ್ರಿ, "ಚಲೋ ಆತ್ರಿ ಅಕ್ಕಾರ, ಚೀಲ ಬೆನ್ನಿಗಿ ತಗೊಳ್ಳಾಕ ನಡ ಬಗ್ಗಸೂದು ತಪ್ಪತು" ಎಂದ.

ಯಾರೋ ಕಸಬರಿಗೆ ಹಿಡಿದು ಬಂದರು. "ಕಸ ಹೊಡೀಬ್ಯಾಡ್ರಿ!" ಎಂದು ಚೀರಿದೆ. ನಾನೇ ಎರಡು ಬೊಗಸೆ ಭತ್ತ ತಂದು ದಾರಿಯಲ್ಲಿ ಚೆಲ್ಲಿದೆ. ಕಾಲುವೆಯ ಮೇಲೆ ಹಲಗೆ ಬೇಡ ಎಂದೆ. ಮತ್ತೆ ಹನ್ನೆರಡು ಚೀಲ ಹೇರಿದರು. ಸಾವುಕಾರರು ಬಿಳಿ ಪಂಚೆಯುಟ್ಟು ಬಂದು, ಸುಲಭದ ಹಣ್ಣು ಬೇಡವೆಂದು ಬುಟ್ಟಿಯಲ್ಲಿ ಹುಡುಕಿ ಎರಡು ದಪ್ಪ ನಿಂಬೆಹಣ್ಣು ಆರಿಸಿ ತಾವೇ ಬಗ್ಗಿ ಇಟ್ಟರು. ಮೇಸ್ತ್ರಿ ಒಬ್ಬನೇ ಹಿಡಿಕೆಗೆ ಕೈ ಹಚ್ಚಿದ. ನಾನು ಅಪ್ಪನ ತೋಳು ಹಿಡಿದುಕೊಂಡೆ.

ಚಟ್, ಚಟ್ ಎಂದು ಎರಡೂ ಒಡೆದವು. ರಸ ಸಿಡಿದು ಸಾವುಕಾರರ ಪಂಚೆಗೆ ಬಿತ್ತು. ಗಾಲಿ ಕಾಳುಗಳನ್ನು ತುಳಿದು, ಸಂದಿ ದಾಟಿ, ಕಾಲುವೆಯಲ್ಲಿ ಒಮ್ಮೆ ಇಳಿದು ಎದ್ದು, ನೇರವಾಗಿ ಬಾಗಿಲಾಚೆ ಹೋಯಿತು. ಹಮಾಲರು ಸೀಟಿ ಹೊಡೆದರು. ಅಪ್ಪ ಮೀಸೆಯಡಿಯಲ್ಲಿ ನಗುತ್ತ ಬೇರೆ ಕಡೆ ನೋಡಿದ. ಸಾವುಕಾರರು ಪಂಚೆ ಕೊಡವಿಕೊಂಡು, "ನೆಲ ಡೊಂಕಿತ್ತು, ಒಪ್ಪಿದೆನಮ್ಮಾ. ಮೂವತ್ತಕ್ಕೂ ಇವೇ ಗಾಲಿ ಹಾಕ್ರಿ" ಎಂದರು. ನಾನು ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ. ಗೆದ್ದ ಅಳು, ಅದಕ್ಕೆ ನನಗೆ ನಾಚಿಕೆಯಿಲ್ಲ.

ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋವನ್ನು ಗಂಡನಿಗೆ ಕಳಿಸಿದ್ದೆ. ನಾನು ಬಳ್ಳಾರಿ ಮುಟ್ಟುವುದರೊಳಗೆ ಅದನ್ನು ಮನೆಯವರೆಲ್ಲ ನೋಡಿ ಮುಗಿಸಿದ್ದರು. ಸಂಜೆ ಅಂಗಡಿಯಲ್ಲಿ, ಒಂದು ದಿನ ತಡವಾಗಿ, ಸ್ಪ್ಯಾನರುಗಳನ್ನು ತೊಳೆದು ಪೂಜೆಗೆ ಜೋಡಿಸುತ್ತಿದ್ದೆ. ಹೊರಗೆ ಸ್ಕೂಟರ್ ನಿಂತಿತು. ಭಾವನವರು ಒಳಗೆ ಬಂದರು. ಬನ್ನಿ ಕೊಟ್ಟು ಕಾಲು ಮುಟ್ಟಿದೆ. ಅವರೂ ನನ್ನ ಅಂಗೈಗೆ ಬನ್ನಿ ಎಲೆ ಹಾಕಿ, "ಬಂಗಾರದಂಗ ಇರವ್ವಾ" ಎಂದರು. ಬೊಬ್ಬೆಯ ಮೇಲೆ ಏನೋ ತಣ್ಣಗೆ ತಾಗಿತು. ಎಲೆ ಸರಿಸಿ ನೋಡಿದೆ: ಅಂಗಡಿಯ ಎರಡನೆಯ ಕೀಲಿಕೈ, ಗೊಂಚಲಿನಿಂದ ಬಿಡಿಸಿ ತಂದಿದ್ದರು.

ಅದನ್ನೂ ಸ್ಪ್ಯಾನರುಗಳ ಸಾಲಿನಲ್ಲಿ ಇಟ್ಟು ಕುಂಕುಮ ಹಚ್ಚಿದೆ.