ಮೂಡಣ ಗಾಳಿಯನ್ನು ನಂಬಿದವನು

ನಮ್ಮ ತಾತರಾಕ್ ಮಾವನಿಗೆ ಬುದ್ಧಿ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿದೆ. ಅವನು ನನ್ನ ತಾಯಿಯ ಅಣ್ಣ. ಬಡಗಣ ತುದಿಯ ನಮ್ಮೂರು ಕಾನಾಕ್‌ನಲ್ಲಿ ಹಿಮದ ಮೇಲೆ ನಾಯಿಬಂಡಿ ಹೊಡೆಯುವವರು ಬೇಕಾದಷ್ಟಿದ್ದಾರೆ, ಅವನಂಥ ಹಟಮಾರಿ ಇನ್ನೊಬ್ಬನಿಲ್ಲ. ಆ ವರ್ಷ ಚಳಿಗಾಲದ ತಿಂಗಳುಗಟ್ಟಲೆ ಕತ್ತಲು ಮುಗಿದು ಸೂರ್ಯ ಮರಳಿ ಬಂದ ಮೇಲೆ ಅವನ ಮಗಳು ಅವಿಯಾಯಳಿಗೆ ಹೆಣ್ಣುಮಗು ಹುಟ್ಟಿತು. ಅವಳನ್ನು ಕೊಟ್ಟಿದ್ದು ಎಂದೂ ಕರಗದ ಮಹಾಹಿಮದ ಬಯಲಿನ ಆಚೆ, ಸವಿಸ್ಸಿವಿಕ್‌ಗೆ. ಸುದ್ದಿ ತಿಳಿದ ದಿನ ಮಾವ ನನ್ನ ಅಂಗಡಿಗೆ ಬಂದು, ಏನೂ ಕೊಳ್ಳದೆ, ಸುಮ್ಮನೆ ನಕ್ಕ. ಅತ್ತೆ ಸತ್ತ ಮೇಲೆ ಅವನು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಸತ್ತವರ ಹೆಸರನ್ನು ಹೊಸ ಮಗುವಿಗೆ ಇಡುವ ತನಕ ನಮ್ಮ ಹಿರಿಯರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇಟ್ಟರೆ ಸತ್ತವರು ಆ ಮಗುವಿನಲ್ಲಿ ಮನೆಗೆ ಬಂದ ಹಾಗೆ. ಈಗ ಇದನ್ನೆಲ್ಲ ಯಾರು ಪಾಲಿಸುತ್ತಾರೆ? ಮಾವ ಪಾಲಿಸುತ್ತಿದ್ದ. ಅತ್ತೆ ಹೋಗಿ ವರ್ಷಗಳಾದರೂ ‘ಅವಳು’, ‘ನಮ್ಮನೆಯವಳು’ ಎಂದೇ ಕಾಲ ತಳ್ಳುತ್ತಿದ್ದ. ಅವಳ ಹೆಸರನ್ನು ಮತ್ತೆ ಮೊದಲು ಕೂಗುವುದು ತಾನೇ ಆಗಬೇಕು, ಅದೂ ಮೊಮ್ಮಗಳ ಕಿವಿಯ ಹತ್ತಿರ ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದ.

“ಹೆಸರಿಡೋಕೆ ಹೊರಟಿರೋ ಪಾದ್ರಿಗಳ ಜೊತೆ ನಾನೂ ಹೆಲಿಕಾಪ್ಟರ್‌ನಲ್ಲಿ ಹೋಗ್ತಿದೀನಿ. ನಿಂಗೂ ಜಾಗ ಇದೆ, ಬಾ ಮಾವ” ಅಂದೆ.

“ನನ್ನ ನಾಯಿಗಳ್ನ ನಿನ್ ತೊಡೆ ಮೇಲೆ ಕೂರಿಸ್ಕೋತೀಯೇನೇ?”

“ಮೇಲೆ ಮಂಜು ಮುಚ್ಚಿಕೊಂಡ್ರೆ? ಕಣ್ಣು ಕಾಣದೆ ಎಲ್ಲಿಗೆ ಅಂತ ಹೋಗ್ತೀಯಾ?”

“ದಾರಿ ನೋಡೋಕೆ ಕಣ್ಯಾಕೆ ಬೇಕೇ ಪೆದ್ದಿ? ಕಾಲಿಲ್ವಾ?”

ಅವನ ಲೆಕ್ಕಾಚಾರವೇ ಅದು. ಮಹಾಹಿಮದ ಒಳಗಿನ ಎತ್ತರದಿಂದ ಮೂಡಣ ಗಾಳಿ ಚಳಿಗಾಲವಿಡೀ ಒಂದೇ ದಿಕ್ಕಿಗೆ ಇಳಿಯುತ್ತದೆ. ಹಿಮವನ್ನು ಕೊರೆದು ಕೊರೆದು ಉದ್ದನೆಯ ಏಣುಗಳನ್ನು ಮಾಡುತ್ತದೆ. ಗಾಳಿಗೆ ಎದುರಾದ ತುದಿ ಚೂಪು, ಹಿಂದೆ ಬಾಲದ ಹಾಗೆ ಸಣ್ಣಗಾಗುತ್ತ ಹೋಗುತ್ತದೆ. ಬೇರೆ ಬಿರುಗಾಳಿ ಬಂದು ಮೇಲೆ ಮೆತ್ತನೆಯ ಹಿಮ ಗುಡ್ಡೆ ಹಾಕಿದರೂ ಕಾಲಿನಿಂದ ಕೆದಕಿದರೆ ಅಡಿಯಲ್ಲಿ ಗಟ್ಟಿ ಏಣು ಸಿಗುತ್ತದೆ. ಅವನ್ನು ಓರೆಯಾಗಿ ದಾಟುತ್ತ ಹೋದರೆ ಸವಿಸ್ಸಿವಿಕ್. ಮೆತ್ತಗಿದ್ದರೆ ನಂಬಬೇಡ, ಗಟ್ಟಿಯಿದ್ದರೆ ನಂಬು ಎಂದು ಅವನಪ್ಪ ಕಲಿಸಿದ್ದ.

ಆದರೆ ಆ ಚಳಿಗಾಲದ ನಡುವೆ ತೆಂಕಣದಿಂದ ಬೆಚ್ಚನೆಯ ಗಾಳಿ ನುಗ್ಗಿ, ಹಿಮದ ಮೇಲೆ ಮಳೆ ಸುರಿದಿತ್ತು. ಹಿಮದ ಮೇಲೆ ಮಳೆ! ತೆಂಕಣ ಗಾಳಿ ಅಡ್ಡಡ್ಡ ಎಬ್ಬಿಸಿದ ಏಣುಗಳು ನೆನೆದು, ಮತ್ತೆ ಹೆಪ್ಪುಗಟ್ಟಿ ಕಲ್ಲಾಗಿದ್ದವು. ಅದನ್ನೂ ಹೇಳಿದೆ. “ಗಾಳಿ ವಿಷಯ ಅಂಗಡಿಯವಳ ಹತ್ರ ಕಲೀಬೇಕಾ?” ಅಂದು ನಾಯಿಗಳನ್ನು ಕಟ್ಟಿದ.

ಮುಂದಿನದು ಅವನೇ ಆಮೇಲೆ ಹಲ್ಲು ಕಡಿಯುತ್ತ ಹೇಳಿದ್ದು. ಮೇಲೆ ಹೋಗುತ್ತಿದ್ದಂತೆ ಮಂಜು ಕವಿಯಿತು. ಇಳಿದು ಕೆದಕಿದ. ಗಟ್ಟಿ. ನಂಬಿದ. ಮುಂದಾಳು ನಾಯಿ ಸವಿಸ್ಸಿವಿಕ್‌ನಲ್ಲೇ ಹುಟ್ಟಿದ್ದು, ಅಳಿಯ ಕೊಟ್ಟಿದ್ದು. ಅದು ಮತ್ತೆ ಮತ್ತೆ ಬಲಕ್ಕೆ ಎಳೆಯಿತು. “ನಿಂಗೇನು ಗೊತ್ತು ಮುಂಡೇದೇ!” ಎಂದು ಬೈದು ಎಡಕ್ಕೆ ತಿರುಗಿಸಿದ. ಡೇರೆ ಹಾಕಿ ಮಲಗಿ ಎದ್ದರೆ ಅದು ಪಟ್ಟಿಯನ್ನು ಕಡಿದುಕೊಂಡು ಹೋಗಿತ್ತು. ಅದರ ಹೆಜ್ಜೆಗಳು ಬಲಕ್ಕೇ ಹೋಗಿದ್ದವು. ಆಗಲಾದರೂ ಅದರ ಹಿಂದೆ ಹೋಗಬಾರದೇ? ಮತ್ತೆ ಏಣುಗಳನ್ನೇ ಹಿಡಿದು ಹೋದ. ಕೊನೆಗೆ ಎದುರಾದದ್ದು ದಾರಿಯಲ್ಲಿ ತಾನೇ ಚೆಲ್ಲಿದ್ದ ಚಹಾದ ಚರಟ, ಸುತ್ತಿ ಸುತ್ತಿ ಅಲ್ಲಿಗೇ ಬಂದಿದ್ದ. ಅಲ್ಲೇ ಕೂತು ಗಾಳಿಗೆ ಬಾಯಿಗೆ ಬಂದಂತೆ ಬೈದನಂತೆ. ಗಾಳಿಗೇನು, ಬೀಸುತ್ತಲೇ ಇತ್ತು.

ಇತ್ತ ಸವಿಸ್ಸಿವಿಕ್‌ನಲ್ಲಿ ನಾವು ಕಾದು ಕಾದು ಸಾಕಾಗಿದ್ದೆವು. ಮಗು ಹಗಲಿರುಳು ಒಂದೇ ಸಮನೆ ಅಳುತ್ತಿತ್ತು. ಅಷ್ಟರಲ್ಲಿ ಆ ನಾಯಿ ಒಂಟಿಯಾಗಿ, ತುಂಡು ಪಟ್ಟಿ ಎಳೆದುಕೊಂಡು ಬಂತು. ಅವಿಯಾಯಳ ಅತ್ತೆ ಅಮಾಲಿಯೆ ಪಟ್ಟಿಯನ್ನು ಬೆಳಕಿಗೆ ಹಿಡಿದಳು.

“ಹಲ್ಲಿನ ಗುರುತು. ಹಸಿದು ಕಡಿದಿದೆ. ಒಡೆಯ ಬದುಕಿದ್ದಿದ್ರೆ ನಾಯಿಗೆ ಹಾಕ್ದೆ ಬಿಡ್ತಿದ್ನಾ?”

ಹುಡುಕಲು ಹೋದವರು ಮಂಜಿನಲ್ಲಿ ಏನೂ ಕಾಣದೆ ವಾಪಸು ಬಂದರು. ಬಿರುಗಾಳಿ ಬರುವ ಮೊದಲು ಪಾದ್ರಿ ಹೊರಡಲೇಬೇಕಿತ್ತು. ಅವಿಯಾಯ ಅಳುತ್ತಲೇ ಮಗುವನ್ನು ಎತ್ತಿಕೊಂಡು, “ತಾತರಾಕ್” ಅಂದಳು. ಹೊಸದಾಗಿ ಸತ್ತವನು ಅವನೇ ತಾನೇ, ಅವನ ಹೆಸರನ್ನೇ ಇಟ್ಟಳು. ನಮ್ಮಲ್ಲಿ ಹೆಸರಿಗೆ ಗಂಡು ಹೆಣ್ಣು ಅನ್ನುವ ಭೇದವಿಲ್ಲ. ಮಗು ಥಟ್ಟನೆ ಸುಮ್ಮನಾಯಿತು.

“ನೋಡಿದ್ರಾ? ಬಂದ್ಬಿಟ್ಟ ಬೀಗ!” ಎಂದು ಅಮಾಲಿಯೆ ಕಣ್ಣೊರೆಸಿಕೊಂಡಳು. ನಾವೆಲ್ಲ ಅತ್ತೆವು, ಕಾಫಿ ಕುಡಿದೆವು, ತಿಮಿಂಗಿಲದ ಚರ್ಮ ತಿಂದೆವು.

ಪಾದ್ರಿ ಹೊರಟರು, ನಾನು ಅವಿಯಾಯಳ ಜೊತೆ ಉಳಿದೆ. ಬಿರುಗಾಳಿ ನಿಂತ ಮೇಲೆ ಬಾಗಿಲು ದಬ್ಬಿಕೊಂಡು ಮಾವ ಒಳಗೆ ಬಂದ, ಗಡ್ಡದ ತುಂಬ ಹಿಮ. ಮಂಜು ಹರಿದು, ಬಲಕ್ಕೆ ಬೆಟ್ಟ ಕಂಡಿತ್ತಂತೆ. ಅಮಾಲಿಯೆಯ ಕೈಯಿಂದ ಕಪ್ಪು ಜಾರಿ ಬಿತ್ತು.

“ಹೆಸರಿಟ್ಟಾಯ್ತಾ?” ಮಾವ ಕೇಳಿದ್ದು ಅದೊಂದೇ.

ನಾನೇ ಹೇಳಬೇಕಾಯಿತು. “ನಿನ್ ಹೆಸ್ರೇ ಇಟ್ವಿ ಮಾವ.”

“ನಂದಾ? ನಾನೇನು ಸತ್ತಿದ್ನಾ?”

“ಸತ್ತೋನ ಥರ ಮಾಡ್ಕೊಂಡಿದ್ದು ಯಾರು?” ನನಗೂ ರೇಗಿತು. “ಬಡ್ಕೊಂಡೆ, ಕೇಳಿದ್ಯಾ?”

“ಎಲ್ಲ ಕೆಡಿಸಿಟ್ರಿ! ಗಾಳಿನೂ ಕೆಡ್ತು, ನೀವೂ ಕೆಟ್ರಿ!” ಕೈಗವಸನ್ನು ನೆಲಕ್ಕೆ ಬಡಿದ. ಆ ಸದ್ದಿಗೆ ಮಗು ಎದ್ದು ಕಿರುಚತೊಡಗಿತು. ಅವಿಯಾಯ “ತಾತರಾಕ್, ತಾತರಾಕ್” ಎಂದು ಎಷ್ಟು ತಟ್ಟಿದರೂ ನಿಲ್ಲಲಿಲ್ಲ. ಹೆಸರಿನವನು ಎದುರಿಗೇ ನಿಂತಿದ್ದನಲ್ಲ.

ಮಾವ ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡ. ಮಂಜಿನಿಂದ ಹೊತ್ತು ತಂದ ಅಷ್ಟೂ ಸಿಟ್ಟಿನಲ್ಲಿ ಗದರಿದ: “ಇವಾಲು!”

ತೀರಿಹೋದ ನಮ್ಮತ್ತೆಯ ಹೆಸರು. ಮಗು ಇನ್ನೂ ಜೋರಾಗಿ ಕಿರುಚಿತು.

ಇಷ್ಟು ಪಾಡುಪಟ್ಟು ಬಂದು ಇದಾ ಅಂತ ನನಗೆ ಅನ್ನಿಸಿತು. ಮಾವ ಮಾತ್ರ ಆ ಕೆಂಪು ಮುಖವನ್ನೇ ನೋಡುತ್ತಿದ್ದ.

“ಇವಳು ಅವಳೇ ಕಣ್ರೇ,” ಅಂದ. “ಒಂದೇ ಸಲಕ್ಕೆ ಕರೆದ್ರೆ ಯಾವತ್ತು ಓಗೊಟ್ಟಿದ್ಲು?”

ಗೋಡೆಗೆ ಒರಗಿ ಕೂತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಮತ್ತೆ ಕರೆದ.