ಮಾವ ಸೀರೆ ಉಡುವಷ್ಟು ದಿನ

ಆಟದ ಪಾರ್ಕಿನಲ್ಲಿ ಎಷ್ಟು ದಿನ ಇರಬೇಕು ಎಂಬುದನ್ನು ಜನ ಏನೇನೋ ನೋಡಿ ಗೊತ್ತು ಮಾಡುತ್ತಾರೆ. ರಜೆ ನೋಡುತ್ತಾರೆ, ಮಕ್ಕಳ ಪರೀಕ್ಷೆ ನೋಡುತ್ತಾರೆ, ಬಸ್ಸು ರೈಲು ನೋಡುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಗೊತ್ತು ಮಾಡಿದ್ದು ಖಾನಾಪುರದ ಒಂದು ಎಮ್ಮೆ. ಹೀಗೆಂದರೆ ಕೇಳಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಇಂದಿಗೂ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಬೆಳಗಾವಿಯಲ್ಲಿ ನನಗೆ ಗುಮಾಸ್ತಿಕೆ. ಹಿಂದವಾಡಿಯಲ್ಲಿ ಮನೆ. ಹೆಂಡತಿ, ಏಳನೆಯ ಇಯತ್ತೆಯ ಮಗ, ಮೂರನೆಯ ಇಯತ್ತೆಯ ಮಗಳು. ಒಬ್ಬಳೇ ಅಕ್ಕ, ಅವಳನ್ನು ನಮ್ಮ ಖಾನಾಪುರದಲ್ಲೇ ಕೊಟ್ಟಿತ್ತು. ನಾನು ಹುಟ್ಟಿದಾಗ ಆಕೆಗೆ ಹತ್ತು ವರ್ಷ. ಅವ್ವ ಬಾಣಂತಿತನದಲ್ಲೇ ಹಾಸಿಗೆ ಹಿಡಿದಳು, ನಾನು ಅಕ್ಕನ ಸೊಂಟಕ್ಕೆ ಬಂದೆ. ಅದಕ್ಕೆ ಮೊದಲು ಅಕ್ಕ ಓಣಿಯ ಹುಡುಗಿಯರ ಜೊತೆ ಮಲಪ್ರಭೆಯ ದಂಡೆಗೆ ಹೋಗಿ, ಕೆಸರಿನಲ್ಲಿ ಕೂತು ನೀರಿನ ತನಕ ಜಾರುತ್ತಿದ್ದಳಂತೆ. ಸೊಂಟದ ಮೇಲೆ ಕೂಸು ಬಂದ ಮೇಲೆ ಯಾರು ಜಾರುತ್ತಾರೆ? ಇದನ್ನು ಆಕೆ ಎಂದೂ ಹೇಳಲಿಲ್ಲ. ನಮ್ಮ ಆಯಿ, ಅಂದರೆ ಅಜ್ಜಿ, ಹೇಳಿದ್ದು.

ಆ ಏಪ್ರಿಲ್‌ನಲ್ಲಿ ಒಂದು ದಿನ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಮಧ್ಯಾಹ್ನ ಬಂದು ಸಂಜೆ ಹಾಲು ಕರೆಯುವ ಹೊತ್ತಿಗೆ ಹಿಂತಿರುಗುವುದು ಆಕೆಯ ರೂಢಿ. ಟೀವಿಯಲ್ಲಿ ಮುಂಬಯಿಯ ನೀರಾಟದ ಪಾರ್ಕಿನ ಜಾಹೀರಾತು ಬಂತು. ನೀಲಿ ಜಾರುಗೊಳವೆಯಿಂದ ಜನ ಸುರ್ರನೆ ಬಂದು ನೀರಿಗೆ ಬೀಳುತ್ತಿದ್ದರು. ಅಕ್ಕ ಕೈಯಲ್ಲಿದ್ದ ಚಹದ ಬಸಿಯನ್ನು ಕೆಳಗಿಟ್ಟಳು.

"ಏ ತಮ್ಮಾ, ನಾನೂ ಒಮ್ಮೆ ಅದರಾಗ ಜಾರಬೇಕು ನೋಡು."

"ಈ ವಯಸ್ಸಿನ್ಯಾಗ ಏನಕ್ಕಾ?"

"ಯಾಕ, ಜಾರಾಕ ಹಲ್ಲು ಬೇಕೇನು?"

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಇಡೀ ಜನ್ಮದಲ್ಲಿ ಆಕೆ ನನ್ನಲ್ಲಿ ಬೇಡಿದ್ದು ಅದೊಂದೇ. ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ: ಈ ಬೇಸಿಗೆಯಲ್ಲಿ ಅಕ್ಕ ಜಾರಬೇಕು.

ಸಾಹೇಬರ ಹಿಂದೆ ಸುತ್ತಿ ಸುತ್ತಿ ಏಳು ದಿನದ ರಜೆ ಹುಟ್ಟಿಸಿದೆ. ಹಳೆಯ ಲಗ್ನಪತ್ರಿಕೆಯೊಂದರ ಬೆನ್ನ ಮೇಲೆ ಯೋಜನೆ ಬರೆದೆ. ಮುಂಬಯಿಯಲ್ಲಿ ಎರಡು ಪಾರ್ಕು, ಒಂದು ಗಾಲಿ ತೊಟ್ಟಿಲುಗಳದ್ದು, ಒಂದು ನೀರಿನದ್ದು. ಬರುವಾಗ ಪುಣೆಯ ಹತ್ತಿರ ಇನ್ನೊಂದು ಸಣ್ಣದು. ಮಗ ಗಾಲಿಯ ಪಾರ್ಕಿಗೆ ಮೂರು ದಿನ ಬೇಕೆಂದ. ಮಗಳು ನೀರಿಗೇ ಮೂರು ದಿನ ಎಂದಳು. ಎತ್ತು ಏರಿಗೆ, ಕೋಣ ನೀರಿಗೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಡುವೆ ಹೆಂಡತಿ, ಮುಂಬಯಿಗೆ ಹೋಗಿ ಸಮುದ್ರ ನೋಡದೆ ಬಂದರೆ ತವರುಮನೆಯವರು ಏನಂದಾರು ಎಂದು ಒಂದು ದಿನ ಕಿತ್ತುಕೊಂಡಳು. ರವಿವಾರ ಪೇಟೆಯಲ್ಲಿ ಅಕ್ಕನ ಎಮ್ಮೆಗೆ ಹಿಂಡಿ ಕೊಳ್ಳುವ ಅಂಗಡಿಯ ಸಾವಕಾರರು ಹಿಂದಿನ ವರ್ಷ ಹೋಗಿ ಬಂದಿದ್ದರು. ಅವರನ್ನೂ ಕೇಳಿದೆ.

"ಒಂದು ಪಾರ್ಕಿಗೆ ಒಂದು ದಿನಾ ಬೇಕs ಬೇಕ್ರಿ," ಎಂದರು. "ನಾವು ಒಂದs ದಿನದಾಗ ಎರಡೂ ಮುಗಸ್ತೀವಂತ ಹೋಗಿ, ಬರೇ ಪಾಳಿ ಹಚ್ಚಿ ಬಂದ್ವಿ."

ಪತ್ರಿಕೆಯ ಬೆನ್ನು ಕಾಟು ಹೊಡೆದು ಹೊಡೆದು ಹರಿಯುವಂತಾಯಿತು. ಆದರೂ ಏಳು ದಿನ ಕೈಯಲ್ಲಿದ್ದವು, ಎಲ್ಲರಿಗೂ ಸಾಲುತ್ತಿದ್ದವು. ಅದನ್ನು ಹಿಡಿದುಕೊಂಡು ಹುರುಪಿನಿಂದ ಖಾನಾಪುರಕ್ಕೆ ಹೋದೆ.

ಅಕ್ಕ ಕೇಳಿದ್ದು ಒಂದೇ ಮಾತು: "ಎಮ್ಮಿ ಯಾರು ಕರೀತಾರ?"

ಎಮ್ಮೆ ಶಿವರಾತ್ರಿಯ ಮುಂದೆ ಈದಿತ್ತು. ಅಕ್ಕನ ಕೈ ಬಿಟ್ಟು ಬೇರೆ ಕೈ ತಾಗಿದರೆ ಹಾಲನ್ನು ಮೇಲಕ್ಕೆ ಏರಿಸಿಕೊಂಡುಬಿಡುತ್ತಿತ್ತು. ಹಾಗೆ ಎರಡು ಮೂರು ಹೊತ್ತು ತಡೆದರೆ ಕೆಚ್ಚಲು ಬಾತು ಎಮ್ಮೆಯೇ ಕೆಡುತ್ತದೆ. ಇದಕ್ಕೆ ನಮ್ಮ ಕಡೆ ಹಳೆಯದೊಂದು ಉಪಾಯವಿದೆ. ಕರೆಯುವವಳು ಊರಿಗೆ ಹೋಗಬೇಕಾದರೆ, ಅವಳು ಉಟ್ಟು ಬಿಟ್ಟ ಒಗೆಯದ ಸೀರೆಯನ್ನು ಇನ್ನೊಬ್ಬರು ಉಟ್ಟು ಕರೆಯಲು ಕೂಡಬೇಕು. ಎಮ್ಮೆ ವಾಸನೆ ನೋಡಿ ಒಪ್ಪಿಕೊಳ್ಳುತ್ತದೆ. ಆದರೆ ಆ ಇನ್ನೊಬ್ಬರು ಯಾರು? ಓಣಿಯ ಹೆಣ್ಣುಮಕ್ಕಳಿಗೆಲ್ಲ ತಮ್ಮ ತಮ್ಮ ಎಮ್ಮೆಗಳು, ಎಲ್ಲರಿಗೂ ಅದೇ ಹೊತ್ತು. ಮನೆಯಲ್ಲಿ ಉಳಿದವರು ಒಬ್ಬರೇ, ನಮ್ಮ ಮಾವ, ಅಕ್ಕನ ಗಂಡ.

ಮಾವ ತಾಲೂಕು ಕಚೇರಿಯ ಮುಂದೆ ಕೂತು ಜನರ ಅರ್ಜಿ ಬರೆದುಕೊಡುವವರು. ಬಿಳಿ ಧೋತರ, ಎರಡೂ ಕಡೆ ತಿರುವಿದ ಮೀಸೆ. ಊರಿಗೆಲ್ಲ ಗೊತ್ತಿದ್ದ ಮನುಷ್ಯ.

"ಸಾಹೇಬ್ರ," ಎಂದರು. ಸಿಟ್ಟು ಬಂದಾಗ ಅವರು ನನ್ನನ್ನು ಕರೆಯುತ್ತಿದ್ದುದು ಹಾಗೆ. "ನಿಮ್ಮ ಮಕ್ಕಳು ಗಾಲಿ ಮ್ಯಾಲ ಕುಂತು ತಿರಗಲಿ ಅಂತ ನಾ ಇಲ್ಲಿ ಸೀರಿ ಉಡಬೇಕು. ಹೌದಿಲ್ಲೊ?"

"ಹಂಗಲ್ರಿ ಮಾವಾರ..."

"ಮತ್ತ ಹೆಂಗ?"

ಅಡುಗೆಮನೆಯಿಂದ ಅಕ್ಕ ಕೂಗಿದಳು: "ಮೂವತ್ತು ವರ್ಷ ನಾ ಉಟ್ಟೇನಿ, ಸತ್ತೇನೇನು?"

ಅವತ್ತು ಸಂಜೆಯೇ ಒಮ್ಮೆ ಪರೀಕ್ಷೆ ಮಾಡಿ ನೋಡೋಣವೆಂದಾಯಿತು. ಧೋತರದ ಮೇಲೆಯೇ ಅಕ್ಕನ ಹಸಿರು ಸೀರೆ ಸುತ್ತಿಕೊಂಡು, ಸೆರಗಿನಲ್ಲಿ ಮೀಸೆ ಮುಚ್ಚಿ, ಮಾವ ಕೊಟ್ಟಿಗೆಗೆ ನಡೆದರು. ಎಮ್ಮೆ ಮೂಸಿ ನೋಡಿತು, ಕಿವಿ ಬಡಿಯಿತು, ಸ್ವಲ್ಪ ಹೊತ್ತಿಗೆ ಹಾಲೂ ಬಿಟ್ಟಿತು. ನಾನು ಕೊಟ್ಟಿಗೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಹಾಲಿಗೆಂದು ಚರಿಗೆ ಹಿಡಿದು ಬಂದ ಓಣಿಯ ಮುದುಕಿ ಇಣುಕಿ, "ಯಾವೂರಾಕಿವಾ ನೀ? ಬಾಳ ದಪ್ಪ ಅದಿ!" ಎಂದಳು. ಮಾವ ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. ಕರೆದು ಎದ್ದವರು ಸೀರೆ ಕಿತ್ತು ಗೂಟಕ್ಕೆ ಎಸೆದು, ಅರ್ಜಿ ಬರೆಯುವ ದನಿಯಲ್ಲಿ ತೀರ್ಪು ಕೊಟ್ಟರು.

"ಎರಡು ದಿನ. ನಾಕು ಹೊತ್ತು. ಶುಕ್ರವಾರ, ಶನಿವಾರ. ರವಿವಾರ ಮುಂಜಾನೆ ಐದನೇದಕ್ಕ ನಿಮ್ಮಕ್ಕ ಇಲ್ಲಿ ಕುಂತಿರಬೇಕು. ರವಿವಾರ ಸೂಟಿ, ಊರ ಮಂದಿ ಎಲ್ಲಾ ತಾವs ಚರಗಿ ಹಿಡಕೊಂಡು ಬರ್ತಾರ. ಅವರ ಮುಂದ ನಾ ಉಡೂದಿಲ್ಲ."

"ಮಾವಾರ, ಇನ್ನೊಂದು ದಿನ..."

"ನೀ ಉಡ್ತೀಯೇನು?"

ಏಳು ದಿನದ ರಜೆ ಜೇಬಿನಲ್ಲಿಟ್ಟುಕೊಂಡು ಎರಡು ದಿನದ ಪ್ರವಾಸಕ್ಕೆ ಒಪ್ಪಿಕೊಂಡು ಬಂದೆ. ಮನೆಯಲ್ಲಿ ರಣರಂಗ. ಪುಣೆ ಹೋಯಿತು, ಸಮುದ್ರ ಹೋಯಿತು. "ಅಕ್ಕಾರನ್ನ ಇನ್ನೊಮ್ಮೆ ಕರಕೊಂಡು ಹೋಗೂಣಲ್ಲ," ಎಂದು ಹೆಂಡತಿ ಮೆಲ್ಲಗೆ ಅಂದಳು. ಬೇಡ ಎಂದೆ. ಇನ್ನೊಮ್ಮೆ ಎಂಬುದು ನಮ್ಮ ಮನೆತನದಲ್ಲಿ ಯಾರಿಗೂ ಬಂದದ್ದಿಲ್ಲ. "ಹಂಗಾರ ನೀರಿಂದು ಮೊದಲ ಮಾಡ್ರಿ. ತೊಯ್ದ ಅರಿವಿ ಲಾಡ್ಜಿನ್ಯಾಗ ಒಣಗ್ತಾವ," ಎಂದಳು. ಅದು ಸರಿಯಾದ ಮಾತು. ಆದರೆ ಪಾಸಾದರೆ ಮೊದಲು ಗಾಲಿ ಎಂದು ಮಗನಿಗೆ ಮಾತು ಕೊಟ್ಟಿದ್ದೆ. ಶುಕ್ರವಾರ ಗಾಲಿ, ಶನಿವಾರ ನೀರು ಎಂದು ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆಯನ್ನು ನೆನೆದರೆ ಇಂದಿಗೂ ಕೈ ಹಿಸುಕಿಕೊಳ್ಳುತ್ತೇನೆ.

ಐದನೆಯ ಹೊತ್ತಿನ ಲೆಕ್ಕ ನನ್ನ ತಲೆ ತಿಂದಿತು. ಎಮ್ಮೆ ಹೆಚ್ಚೆಂದರೆ ಏಳರ ತನಕ ತಡೆದೀತು ಎಂದಿದ್ದಳು ಅಕ್ಕ. ಏಳಕ್ಕೆ ಖಾನಾಪುರದಲ್ಲಿರಬೇಕಾದರೆ ಹಿಂದಿನ ಸಂಜೆ ಮುಂಬಯಿಯಲ್ಲಿ ಆರರ ಬಸ್ಸು ಹಿಡಿಯಬೇಕು. ಆರರ ಬಸ್ಸಿಗೆ ಪಾರ್ಕನ್ನು ನಾಲ್ಕೂವರೆಗೆ ಬಿಡಬೇಕು. ಪಾರ್ಕು ಮುಚ್ಚುವುದು ಆರೂವರೆಗೆ. ಇರಲಿ, ಜಾರಲು ಎಷ್ಟು ಹೊತ್ತು ಬೇಕು?

ಶುಕ್ರವಾರ ಗಾಲಿಯ ಪಾರ್ಕಿನಲ್ಲಿ ಕಳೆಯಿತು. ಮಗನಿಗೆ ಹಬ್ಬ. ಅಕ್ಕ ಮಾತ್ರ ಪ್ರತಿ ತಾಸಿಗೊಮ್ಮೆ, "ನೀರಿಂದು ಇದರ ಬಾಜೂಕs ಅಲ್ಲೇನೋ?" ಎಂದು ಗೋಡೆಯ ಆಚೆ ಕತ್ತು ಚಾಚುತ್ತಿದ್ದಳು.

ಶನಿವಾರ ಬಾಗಿಲು ತೆಗೆಯುವ ಮೊದಲೇ ನೀರಿನ ಪಾರ್ಕಿನ ಮುಂದೆ ನಿಂತೆವು. ಒಳಗೆ ಹೋದದ್ದೇ ತಡ, ಅಕ್ಕ ಸೆರಗು ಸೊಂಟಕ್ಕೆ ಬಿಗಿದು ಎತ್ತರದ ನೀಲಿ ಜಾರುಗೊಳವೆಯ ಮೆಟ್ಟಿಲಿಗೆ ನಡೆದಳು. ಕಾವಲಿನ ಹುಡುಗಿ ಕೈ ಅಡ್ಡ ಹಿಡಿದಳು. "ಮಾವಶಿ, ಸಾಡಿ ಚಾಲಣಾರ ನಾಹೀ."

ಖಾನಾಪುರದವಳಿಗೆ ಮರಾಠಿ ತಿಳಿಸಿ ಹೇಳಬೇಕೆ? ಸೀರೆ ನಡೆಯುವುದಿಲ್ಲ. ಜಾರುವಾಗ ಸುತ್ತಿಕೊಳ್ಳುತ್ತದಂತೆ. ಮೊಳಕಾಲಿನ ತನಕ ಬರುವ, ಮೈಗೆ ಅಂಟುವ ಕರಿಯ ನೈಲಾನಿನ ಚಡ್ಡಿ ಅಂಗಿ ಹಾಕಿಕೊಂಡೇ ಮೇಲೆ ಹೋಗಬೇಕು. ಅಲ್ಲೇ ಬಾಡಿಗೆಗೆ ಸಿಗುತ್ತಿತ್ತು.

ದಿನ ಎಣಿಸಿದ್ದೆ, ತಾಸು ಎಣಿಸಿದ್ದೆ, ಎಮ್ಮೆಯ ಹೊತ್ತುಗಳನ್ನೂ ಎಣಿಸಿದ್ದೆ. ಏನು ಉಡಬೇಕು ಎಂದು ಒಬ್ಬರನ್ನೂ ಕೇಳಿರಲಿಲ್ಲ.

"ಹೋಗ್ರಿ, ನೀವು ಆಡ್ರಿ. ನಾ ಚಪ್ಪಲಿ ಕಾಯ್ತೇನಿ," ಎಂದು ಅಕ್ಕ ನೆರಳಲ್ಲಿ ಕುಳಿತಳು. ಹೆಂಡತಿ ಕರೆದಳು, ಮಗಳು ಎಳೆದಳು. ನಾನು ಮೊದಲು ಬೇಡಿಕೊಂಡೆ, ಆಮೇಲೆ ರೇಗಿದೆ.

"ಇದಕ್ಕಂತs ಬಂದದ್ದಲ್ಲೇನಕ್ಕಾ?"

"ಮಂದ್ಯಾಗ ಕಾಲು ತೋರಿಸಿಕೊಂಡು ಹತ್ತಂತೀಯೇನು? ಬಾಯಿ ಮುಚ್ಚು."

ಊಟದ ಹೊತ್ತು ಕಳೆಯಿತು. ಮೂರಾಯಿತು. ನಮ್ಮ ಐದು ಜೊತೆ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಕೊಂಡು ಅಕ್ಕ ಆ ಕೊಳವೆಯನ್ನೇ ನೋಡುತ್ತಿದ್ದಳು. ಒಬ್ಬೊಬ್ಬರು ಬಂದು ಬಿದ್ದಾಗಲೂ ಅವಳ ತುಟಿ ತುಸು ತೆರೆಯುತ್ತಿತ್ತು. ಆಟ ನನಗೂ ಹತ್ತಲಿಲ್ಲ. ಗಡಿಯಾರ ನೋಡುತ್ತಾ ಅವಳ ಮುಂದೆಯೇ ಅಡ್ಡಾಡಿದೆ.

ಮೂರು ಮುಕ್ಕಾಲಿಗೆ ಆಕೆ ಇದ್ದಕ್ಕಿದ್ದಂತೆ ಎದ್ದಳು.

"ಅಲ್ಲೋ ತಮ್ಮಾ, ಅಲ್ಲಿ ನಿಮ್ಮ ಮಾವ ಗಂಡಸಾಗಿ ನನ್ನ ಸೀರಿ ಉಟ್ಟು ಕುಂತಾರ. ಇಲ್ಲಿ ನಾ ಸೀರಿ ಬಿಡಾಕ ಹೆದರಿ ಕುಂತೇನಿ. ಎಲ್ಲೈತಿ ಆ ಅಂಗಿ? ತಾ."

ಹೆಂಡತಿ ಓಡಿದಳು. ಬಾಡಿಗೆಯ ಕಿಂಡಿಯಲ್ಲಿ ಪಾಳಿ, ಬಟ್ಟೆ ಬದಲಿಸುವ ಕೋಣೆಯಲ್ಲಿ ಪಾಳಿ. ಅಕ್ಕ ಹೊರಗೆ ಬಂದಾಗ ನಾಲ್ಕು ಹತ್ತು. ಕರಿಯ ಅಂಗಿಯ ಮೇಲೆ ಟಾವೆಲು ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ನಡೆದಳು. ಮೆಟ್ಟಿಲ ಬುಡದಲ್ಲಿ ಟಾವೆಲನ್ನು ನನ್ನ ಕೈಗೆ ಕೊಟ್ಟಳು. ಮುಂದೆ ನಲವತ್ತು ಐವತ್ತು ಜನ. ಅಕ್ಕ ಒಂದೊಂದೇ ಮೆಟ್ಟಿಲು ಏರುತ್ತಿದ್ದಳು. ಅರ್ಧ ಎತ್ತರಕ್ಕೆ ಹೋದಾಗ ನಾಲ್ಕೂ ಇಪ್ಪತ್ತೈದು. ಪಾಳಿ ನಿಂತೇಬಿಟ್ಟಿತು. ಅಲ್ಲಿಂದ ಆಕೆ ಬಗ್ಗಿ ನನ್ನ ಕಡೆ ನೋಡಿದಳು.

ನಾನು ಕೈಯೆತ್ತಿ ಗಡಿಯಾರ ತೋರಿಸಿದೆ.

ಹಾಳಾಗಲಿ ಬಸ್ಸು, ಹಾಳಾಗಲಿ ಎಮ್ಮೆ, ಜಾರಿ ಬಾ ಅಕ್ಕಾ ಎಂದು ಕೂಗಬಹುದಿತ್ತು. ಕೂಗಲಿಲ್ಲ. ರವಿವಾರ ಮುಂಜಾನೆ ಚರಿಗೆ ಹಿಡಿದ ಊರ ಜನರ ನಡುವೆ ಸೀರೆಯುಟ್ಟು ಕೂತ ಮಾವ ಕಣ್ಣ ಮುಂದೆ ಬಂದರು. ಕೊಟ್ಟ ಮಾತು ಬಂತು. ಅಕ್ಕ ಹತ್ತುತ್ತಿದ್ದ ಜನರನ್ನು ಸರಿಸಿಕೊಳ್ಳುತ್ತಾ ಇಳಿದು ಬಂದಳು. "ನಡಿ, ಎಮ್ಮಿ ಕಾಯ್ತಿರತೈತಿ," ಎಂದು ಟಾವೆಲು ಇಸಿದುಕೊಂಡಳು. ಅಷ್ಟೇ.

ಬಸ್ಸಿನಲ್ಲಿ ನಾನು ಎಲ್ಲರ ಮೇಲೂ ರೇಗುತ್ತಾ ಬಂದೆ. ಮಗನ ಗಾಲಿಯ ಮೇಲೆ, ಹೆಂಡತಿಯ ತೊಯ್ದ ಗಂಟಿನ ಮೇಲೆ, ಕಿಟಕಿಯ ಮೇಲೆ. ಅಕ್ಕನೇ, "ಸಾಕ್ ಬಿಡೋ, ಜಾರೂದಂದ್ರ ದೊಡ್ಡ ಕಾಶಿ ಯಾತ್ರಿ ಏನು?" ಎಂದು ನನ್ನ ಬಾಯಿ ಮುಚ್ಚಿಸಿದಳು. ನಸುಕಿನಲ್ಲಿ ಬೆಳಗಾವಿ ಬಂತು. ಹೆಂಡತಿ ಮತ್ತು ಮಗನನ್ನು ಹಿಂದವಾಡಿಗೆ ಕಳಿಸಿ, ಸೂಟಿ ಕಳೆಯಲು ಅಕ್ಕನ ಮನೆಗೇ ಹೊರಟ ಮಗಳನ್ನೂ ಅಕ್ಕನನ್ನೂ ಕರೆದುಕೊಂಡು ಮೊದಲ ಬಸ್ಸಿಗೆ ಖಾನಾಪುರಕ್ಕೆ ಓಡಿದೆ. ಏಳಕ್ಕೆ ಹತ್ತು ನಿಮಿಷ ಇರುವಾಗ ಮನೆ ಮುಟ್ಟಿದೆವು. ಅಕ್ಕ ಚಪ್ಪಲಿ ಬಿಡುತ್ತಲೇ ಸೆರಗು ಕಟ್ಟಿ ಕೊಟ್ಟಿಗೆಗೆ ಧಾವಿಸಿದಳು.

ಮಾವ ಕಟ್ಟೆಯ ಮೇಲೆ ಧೋತರದಲ್ಲಿ ಕೂತು ಚಹ ಕುಡಿಯುತ್ತಿದ್ದರು. ಪಕ್ಕದಲ್ಲಿ ತುಂಬಿದ ಹಾಲಿನ ಕ್ಯಾನು.

"ಎಲ್ಲಿ ಓಡ್ತಿ? ಕರೆದು ಅರ್ಧಾ ತಾಸಾತು."

"ಸೀರಿ ಉಟ್ಟು?"

"ಸೀರಿ ಯಾಕ? ನಿನ್ನೆ ಮುಂಜಾನಿಂದs ಧೋತರದಾಗ ಕುಂತ್ರೂ ಕೊಡಾಕತ್ತೈತಿ. ರೂಢಿ ಆತು ಅದಕ್ಕ. ನೀವು ಇನ್ನೂ ನಾಕು ದಿನ ಇದ್ದು ಬಂದಿದ್ರೂ ನಡೀತಿತ್ತು."

ನಾಲ್ಕು ದಿನ! ನಾನು ಕೈಯೆತ್ತಿ ಗಡಿಯಾರ ತೋರಿಸುತ್ತಿದ್ದ ಹೊತ್ತಿಗೆ ಈ ಎಮ್ಮೆ ಎಂಥ ಸೀರೆಯೂ ಬೇಡವೆಂದು ಹಿಂಡಿ ಮೇಯುತ್ತಾ ನಿಂತಿತ್ತು.

ಮಾವ ಬಸಿ ಕೆಳಗಿಟ್ಟು ಅಕ್ಕನ ಕಡೆ ತಿರುಗಿದರು. ಮೀಸೆಯ ಕೆಳಗೆ ಸಣ್ಣ ಮಕ್ಕಳ ಆಸೆ.

"ಅದಿರಲಿ, ಜಾರಿದೇನು?"

ಮಗಳು ಬಾಯಿ ತೆರೆದಳು. ನಾನು ಅವಳ ಕೈ ಅದುಮಿದೆ. ಅಕ್ಕ ಗೂಟದ ಮೇಲಿನ ಹಸಿರು ಸೀರೆಯನ್ನು ಇಳಿಸಿ ಮಡಚತೊಡಗಿದಳು.

"ಜಾರಿದ್ನೆಲ್ಲ."

"ಹೆಂಗಿತ್ತು?"

"ಹೆಂಗಂದ್ರ... ಕೆಳಗ ಮೆತ್ತಗ, ತಣ್ಣಗ. ಹೊಟ್ಟಿ ಜುಂ ಅನ್ನತೈತಿ. ಕಾಲ ನೀರಿಗೆ ಹತ್ತೂತನಕ ಕಣ್ಣ ತೆಗಿಯಾಕ ಆಗೂದಿಲ್ಲ. ಮೈಯೆಲ್ಲ ಕೆಸರ..." ಎಂದವಳು ತಡೆದು, "ಮೈಯೆಲ್ಲ ನೀರು," ಎಂದಳು.

ಮಾವ ತೊಡೆ ತಟ್ಟಿಕೊಂಡು ನಕ್ಕರು. "ಹಂಗಾರ ನಾ ಉಟ್ಟದ್ದು ವ್ಯರ್ಥ ಆಗ್ಲಿಲ್ಲ ಬಿಡು." ಆಮೇಲೆ ನನ್ನ ಕಡೆ ನೋಡಿದರು. ಅರ್ಜಿಗೆ ಸಾಕ್ಷಿ ಬೇಕಲ್ಲ. "ಹೌದೇನೋ? ಖರೇನs ಜಾರಿದಳೇನು?"

"ಹೌದ್ರಿ ಮಾವಾರ," ಎಂದೆ. "ನಾನs ಕೆಳಗ ನಿಂತು ನೋಡಿದ್ನಿ."

ಕೆಳಗೆ ನಿಂತಿದ್ದಷ್ಟೇ ಖರೆ.